ಆ ಕಡೆ ಯಾರಿದ್ದೀರಿ?

ಹನೂರು ದಾಟಿ ಮಾದಪ್ಪನ ಬೆಟ್ಟದ ಕಡೆ ಹೊರಟರೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯ ಆಗ್ತವೆ. ಇಂಥ ಜಾಗಕ್ಕೆ ಹ್ಯಾಮ್ ರೇಡಿಯೋ ಒಳ್ಳೇದು ಅನ್ನೋ ಮಾತು ಆಗಾಗ ಕೇಳಿಬರುತ್ತೆ. ಹ್ಯಾಮ್ ಅಂದ್ರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ವ್ಯಾಪಾರದ ಮಾತಾಡದೆ, ತಮ್ಮದೇ ಆಂಟೆನಾದಿಂದ ಜಗತ್ತಿನ ಜೊತೆ ಹರಟುವ ಜನ. ಈ ಜನರ ನಡುವೆ ಈಗ ಒಂದು ಜಗಳ ನಡೀತಿದೆ. ರೇಡಿಯೋ ಮುಂದೆ ಯಾರೂ ಕೂರದೆ ಕಂಪ್ಯೂಟರೇ ಕರೆದು, ಕಂಪ್ಯೂಟರೇ ಉತ್ತರ ಕೊಟ್ಟರೆ ಅದನ್ನ ಮಾತುಕತೆ ಅನ್ನಬಹುದಾ? ದೂರದ ಜಗಳ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ.

ನಮ್ಮ ಸೀಮೆಯ ರೇಡಿಯೋ ಚರಿತ್ರೆ ಶುರುವಾಗಿದ್ದೇ ಒಬ್ಬರ ಹವ್ಯಾಸದಿಂದ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಇಟ್ಟು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಅನ್ನೋ ಹೆಸರು ಆ ನಿಲಯದ್ದು. ಆಗಿನ್ನೂ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1956ರ ತನಕ ಹೀಗೇ. ಆದ್ರೆ ರೇಡಿಯೋ ಅಲೆಗೆ ಗಡಿಯ ಹಂಗೇನೂ ಇರಲಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ಹ್ಯಾಮ್‌ಗಳ ಕ್ಲಬ್ಬು ಶುರುವಾಯ್ತು. ಆ ಕಾಲದಲ್ಲಿ ಮೋರ್ಸ್ ಬಡಿಯುವವರ ಕೈ ಒಬ್ಬೊಬ್ಬರದು ಒಂದೊಂದು ಥರ. ಹೆಸರು ಹೇಳೋ ಮೊದಲೇ 'ಓ, ಇವರು' ಅಂತ ಗುರುತು ಸಿಗ್ತಿತ್ತು. 1980ರ ದಶಕದಲ್ಲಿ ಪ್ಯಾಕೆಟ್ ರೇಡಿಯೋ ಬಂತು. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ದಾಟಿಸೋ ವಿಧಾನ ಅದು. ಮಧ್ಯದ ಪೆಟ್ಟಿಗೆಗಳ ಹತ್ತಿರ ಯಾರೂ ಕೂತಿರಬೇಕಿಲ್ಲ.

ಅಮೆರಿಕದಲ್ಲಿ ಜಗಳ ಜೋರಾಗಿದ್ದು ವಿನ್‌ಲಿಂಕ್ ವಿಚಾರದಲ್ಲಿ. ರೇಡಿಯೋ ಮೂಲಕ ಇಮೇಲ್ ಕಳಿಸೋ ಈ ವ್ಯವಸ್ಥೆಯಲ್ಲಿ ಉತ್ತರ ಕೊಡೋದು ಯಂತ್ರ. ನಡು ಸಮುದ್ರದ ಹಡಗಿಗೂ ಚಂಡಮಾರುತಕ್ಕೆ ಸಿಕ್ಕಿದ ಊರಿಗೂ ಇದು ಆಸರೆ ಅಂತ ಒಂದು ಕಡೆ ವಾದ. ಯಂತ್ರ ಮೊದಲೇ ನಡೀತಿರೋ ಮಾತನ್ನು ಕೇಳಿಸಿಕೊಳ್ಳದೆ ಮೇಲೆ ಬೀಳುತ್ತೆ, ಅದರ ಸಂದೇಶವನ್ನು ಬೇರೆಯವರು ಓದೋಕೂ ಆಗಲ್ಲ ಅಂತ ಇನ್ನೊಂದು ಕಡೆ. ಅಲ್ಲಿನ ನಿಯಂತ್ರಣ ಆಯೋಗ 2023ರಲ್ಲಿ ಡಿಜಿಟಲ್ ಸಂದೇಶಗಳ ಮೇಲಿದ್ದ 300 ಬಾಡ್ ವೇಗದ ಮಿತಿಯನ್ನು ತೆಗೆದು, ಬದಲಿಗೆ 2.8 ಕಿಲೋಹರ್ಟ್ಸ್ ಅಗಲದ ಮಿತಿ ಹಾಕಿತು. ವೇಗದ ಪ್ರಶ್ನೆ ಮುಗೀತು. ಮನುಷ್ಯ ಇರಬೇಕಾ ಅನ್ನೋದು ಮುಗೀಲಿಲ್ಲ.

2017ರಲ್ಲಿ ಎಫ್‌ಟಿ8 ಬಂತು. ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ಮಾಡಿದ್ದು. 15 ಸೆಕೆಂಡಿಗೊಂದು ಸರದಿ. ಕಿವಿಗೆ ಕೇಳಿಸದಷ್ಟು ಕ್ಷೀಣ ಸಂಕೇತವನ್ನೂ ಕಂಪ್ಯೂಟರ್ ಹೆಕ್ಕುತ್ತೆ. ಕರೆಸಂಕೇತ, ಸಿಗ್ನಲ್ ಎಷ್ಟು ಜೋರು, ಊರಿನ ಚೌಕ, ನಮಸ್ಕಾರ: ಒಂದೂವರೆ ನಿಮಿಷದಲ್ಲಿ ಎಲ್ಲ ಮುಗೀತು. ಆ ಚೌಕದ ಲೆಕ್ಕದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ 'ಎಂಕೆ82'. ಮೈಸೂರೂ ಅದೇ, ಬೆಂಗಳೂರಿನ ಬಹುಭಾಗವೂ ಅದೇ! ಮೂಲ ತಂತ್ರಾಂಶದಲ್ಲಿ ಕರೆ ಶುರು ಮಾಡೋಕೆ ಮನುಷ್ಯನ ಕೈ ಬೇಕು. ಕೆಲವರು ಅದನ್ನೂ ತಿದ್ದಿ, ತಾವು ಮಲಗಿದ್ದಾಗಲೂ ದೇಶ ದೇಶ 'ಗಳಿಸೋ' ಹಾಗೆ ಮಾಡಿಕೊಂಡರು. ನೂರು ದೇಶಗಳ ಜೊತೆ ಸಂಪರ್ಕ ಸಾಧಿಸಿದವರಿಗೆ ಪ್ರಶಸ್ತಿ ಕೊಡೋ ಅಮೆರಿಕದ ಸಂಘ ಕೊನೆಗೆ ನಿಯಮವನ್ನೇ ಬರೀಬೇಕಾಯ್ತು: ಎರಡೂ ಕಡೆ ಆಪರೇಟರ್ ಆ ಹೊತ್ತಿನಲ್ಲಿ ತಾನೇ ಸಂಪರ್ಕ ಆರಂಭಿಸಿರಬೇಕು.

'ಆ ಹೊತ್ತಿನಲ್ಲಿ'. ಈ ಮಾತಿನ ತೂಕ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ ಮೇಲೆ 108 ದಿನ ನಾಡು ಉಸಿರು ಬಿಗಿಹಿಡಿದು ಕೂತಿತ್ತು. ಕಾಡಿನಿಂದ ಕ್ಯಾಸೆಟ್ ಬರ್ತಿದ್ದವು. ಕ್ಯಾಸೆಟ್ ಹೇಳೋದು ಅದು ರೆಕಾರ್ಡ್ ಆದ ದಿನದ ಸುದ್ದಿ. ಜನಕ್ಕೆ ಬೇಕಿದ್ದದ್ದು ಈ ಗಳಿಗೆಯ ಸುದ್ದಿ: ಅಣ್ಣಾವ್ರು ಈಗ ಹೇಗಿದ್ದಾರೆ?

ಹಾಗಂತ ಆಳಿಲ್ಲದ ಯಂತ್ರವೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 2005ರ ಮೇ 5ರಂದು ಇಸ್ರೋ ಪಿಎಸ್‌ಎಲ್‌ವಿಯಲ್ಲಿ ಹ್ಯಾಮ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹವನ್ನು ಹಾರಿಸಿತು. ತೂಕ 42.5 ಕಿಲೋ. ಅದರೊಳಗಿನ ಒಂದು ಟ್ರಾನ್ಸ್‌ಪಾಂಡರ್ ನಮ್ಮವರದು, ಇನ್ನೊಂದು ನೆದರ್ಲೆಂಡ್ಸಿನ ವಿದ್ಯಾರ್ಥಿಯೊಬ್ಬ ಮಾಡಿದ್ದು. 2014ರ ತನಕ ಅದು ಒಬ್ಬರ ದನಿಯನ್ನು ಇನ್ನೊಬ್ಬರಿಗೆ ದಾಟಿಸ್ತಾನೇ ಇತ್ತು. ಅಲ್ಲೂ ಯಾರೂ ಕೂತಿರಲಿಲ್ಲ. ಆದ್ರೂ ಯಾರೂ ತಕರಾರು ತೆಗೀಲಿಲ್ಲ. ಯಾಕಂದ್ರೆ ಅದು ಸೇತುವೆ. ಸೇತುವೆ ಯಾವತ್ತೂ 'ನಾನೇ ನಿಮ್ಮ ನೆಂಟ' ಅಂತ ಹೇಳಿಕೊಳ್ಳಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಭಾರತಿ ಪ್ರಸಾದ್ ಹವ್ಯಾಸದ ಕಾರ್ಯಕ್ರಮಕ್ಕೆಂದು ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿದ್ದರು. ದೇಶ ಲೆಕ್ಕ ಮಾಡೋ ಆಟ ಅಲ್ಲಿಗೇ ನಿಂತು, ಅದೇ ರೇಡಿಯೋದಿಂದ ಸುದ್ದಿ ಮುಟ್ಟಿಸೋ ಕೆಲಸ ಶುರುವಾಯ್ತು. ಎದುರಿಗೆ ಮನುಷ್ಯರು ಇದ್ದರು, ಪರಿಸ್ಥಿತಿ ಬದಲಾಗಿದೆ ಅಂತ ಅವರಿಗೆ ಗೊತ್ತಾಯ್ತು. ಎಫ್‌ಟಿ8 ಯಂತ್ರವೊಂದೇ ಇದ್ದಿದ್ರೆ ಸಿಗ್ನಲ್ ಎಷ್ಟು ಜೋರು ಅಂತ ಹೇಳಿ, ನಮಸ್ಕಾರ ಹಾಕಿ ಮುಂದಿನ ದೇಶ ಹುಡುಕ್ತಿತ್ತು.

ಅದಕ್ಕೇ ನಾನು ಗೆರೆ ಎಳೆಯೋದು ಇಲ್ಲಿ: ದಾಟಿಸೋ ಯಂತ್ರ ಬರಲಿ, ಮಾತಾಡಿದೆ ಅಂತ ಲೆಕ್ಕ ಬರೆಸೋ ಯಂತ್ರ ಬೇಡ. ನಾಳೆ ಬಿಳಿಗಿರಿರಂಗನ ಬೆಟ್ಟದ ಮೇಲೋ ಮಾದಪ್ಪನ ಬೆಟ್ಟದ ಮೇಲೋ ಯಾರಾದರೂ ರಿಪೀಟರ್ ಪೆಟ್ಟಿಗೆ ಇಟ್ಟರೆ ಸಂತೋಷವೇ. ಕಾಡಿನ ಊರಿನ ದನಿ ಅದರ ಮೂಲಕ ಕೊಳ್ಳೇಗಾಲಕ್ಕೆ ಇಳಿಯಲಿ. ಆದ್ರೆ ಬರೀ ಪೆಟ್ಟಿಗೆ ಇಟ್ಟು ಕೈ ತೊಳ್ಕೊಂಡ್ರೆ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಯಾರೋ ಕೂಗಿದರೆ ಕೊಳ್ಳೇಗಾಲದಲ್ಲಿ ಎದ್ದು 'ಹೇಳಿ, ಏನಾಯ್ತು' ಅನ್ನೋಕೆ ಒಬ್ಬರು ಬೇಕು. ಪೆಟ್ಟಿಗೆಗಿಂತ ಮೊದಲು ಹುಡುಕಬೇಕಾದ್ದು ಅವರನ್ನು.