ಡೂಡಲ್‌ಟೌನಿನ ಮೆಟ್ಟಿಲುಗಳು

ಮುಳ್ಳಯ್ಯನಗಿರಿ ಹತ್ತಿದ ಕಾಲಿಗೆ ಬೇರ್ ಮೌಂಟನ್ ಅನ್ನೋದು ಬೆಟ್ಟವೇ ಅಲ್ಲ ಬಿಡಿ. ಅದು 1,930 ಮೀಟರ್, ಇದು ಬರೀ 391. ಆದ್ರೂ ನ್ಯೂಜೆರ್ಸಿ-ನ್ಯೂಯಾರ್ಕ್ ಕಡೆ ಇರೋ ನಮ್ಮಂಥವರಿಗೆ ಟ್ರೆಕ್ಕಿಂಗ್ ಅಂದ ಕೂಡಲೇ ನೆನಪಾಗೋದು ಹಡ್ಸನ್ ನದಿ ದಂಡೆಯ ಈ ಬೆಟ್ಟವೇ. ಅಕ್ಟೋಬರಿನಲ್ಲಿ ಎಲೆಗಳು ಕೆಂಪಾದಾಗ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋದರೆ ಪಾರ್ಕಿಂಗ್ ಜಾಗದಲ್ಲೇ ನಾಲ್ಕು ಕಡೆ ಕನ್ನಡ ಕಿವಿಗೆ ಬೀಳುತ್ತೆ.

ಆದರೆ ಇಲ್ಲಿ ಇವತ್ತು ನಾವು ನಡೆಯುವ ಕಾಡು ಇರಬೇಕಾಗಿದ್ದ ಜಾಗದಲ್ಲಿ ಒಂದು ಜೈಲು ಇರುತ್ತಿತ್ತು! 1908ರಲ್ಲಿ ನ್ಯೂಯಾರ್ಕ್ ರಾಜ್ಯ ತನ್ನ ಹಳೆಯ ಸಿಂಗ್ ಸಿಂಗ್ ಜೈಲನ್ನು ಇಲ್ಲಿಗೆ ಸಾಗಿಸಲು ಹೊರಟಿತ್ತು. ಜನ ವಿರೋಧಿಸಿದರು. 1910ರಲ್ಲಿ, ರೈಲ್ವೆ ಧಣಿ ಎಡ್ವರ್ಡ್ ಹ್ಯಾರಿಮನ್ ತೀರಿಕೊಂಡ ಮರುವರ್ಷ, ಅವರ ಪತ್ನಿ ಮೇರಿ 10,000 ಎಕರೆ ಜಮೀನು ಮತ್ತು 10 ಲಕ್ಷ ಡಾಲರನ್ನು ಪಾರ್ಕಿಗೆ ಕೊಟ್ಟರು. ಷರತ್ತು: ಜೈಲು ಇಲ್ಲಿ ಬರಕೂಡದು.

ಮುಂದಿನದು ಟ್ರೆಕ್ಕಿಂಗ್ ಮಾಡುವವರೆಲ್ಲ ತಿಳಿದಿರಬೇಕಾದ ಕತೆ. 1921ರಲ್ಲಿ ಬೆಂಟನ್ ಮೆಕೈ ಎಂಬಾತ ಅಪಲೇಚಿಯನ್ ಬೆಟ್ಟಸಾಲಿನ ಉದ್ದಕ್ಕೂ ಒಂದೇ ಕಾಲುದಾರಿ ಮಾಡೋಣ ಅಂತ ಬರೆದ. ಅದರ ಮೊದಲ ತುಂಡು 1923ರ ಅಕ್ಟೋಬರ್ 7ರಂದು ತೆರೆದದ್ದು ಇದೇ ಬೇರ್ ಮೌಂಟನ್‌ನಲ್ಲಿ. ದಾರಿ ಕಡಿದವರು ವೀಕೆಂಡಿನಲ್ಲಿ ಬರುತ್ತಿದ್ದ ಸ್ವಯಂಸೇವಕರು. 1937ರ ಹೊತ್ತಿಗೆ ಆ ದಾರಿ ಜಾರ್ಜಿಯಾದಿಂದ ಮೇನ್ ತನಕ ಪೂರ್ತಿಯಾಯ್ತು. ಇವತ್ತು ಸುಮಾರು 3,500 ಕಿಲೋಮೀಟರ್.

ಇಷ್ಟು ಓದಿದರೆ ಎಲ್ಲ ಸುಖಾಂತ. ನಾನೂ ಹಾಗೇ ಅಂದ್ಕೊಂಡಿದ್ದೆ, ಬೆಟ್ಟದ ಬುಡದ ಇನ್ನೊಂದು ದಾರಿಯಲ್ಲಿ ನಡೆಯೋವರೆಗೆ. ಕಾಡಿನ ನಡುವೆ ಇದ್ದಕ್ಕಿದ್ದಂತೆ ಕಲ್ಲಿನ ಮೆಟ್ಟಿಲುಗಳು. ಹತ್ತಿ ನೋಡಿದರೆ ಮನೆಯಿಲ್ಲ, ಬರೀ ಅಡಿಪಾಯ! ಪಕ್ಕದಲ್ಲಿ ಒಂದು ಫಲಕ, ಇಲ್ಲಿ ಯಾರ ಮನೆ ಇತ್ತು ಅಂತ.

ಅದು ಡೂಡಲ್‌ಟೌನ್. 1760ರ ದಶಕದಿಂದ ಇದ್ದ ಊರು. ಮರ ಕಡಿದು, ಸುತ್ತಲಿನ ಕಬ್ಬಿಣದ ಗಣಿಗಳಲ್ಲಿ ದುಡಿದು ಬದುಕಿದ ಜನ. 1777ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೈನ್ಯ ಹಡ್ಸನ್ ದಂಡೆಯ ಕೋಟೆಗಳ ಮೇಲೆ ಬಿದ್ದದ್ದು ಇದೇ ಊರನ್ನು ಹಾದು. ಶಾಲೆ, ಚರ್ಚು, ಸ್ಮಶಾನ ಎಲ್ಲ ಇತ್ತು. ಸುತ್ತಲೂ ಪಾರ್ಕು ಬೆಳೆದಂತೆ ಅದರ ಆಡಳಿತ ಮನೆಗಳನ್ನು ಒಂದೊಂದಾಗಿ ಕೊಂಡುಕೊಂಡಿತು, ಒಪ್ಪದವರ ಮೇಲೆ ಕಾನೂನಿನ ಬಲ ಬಳಸಿತು. 1960ರ ದಶಕದ ನಡುವಿಗೆ ಊರು ಖಾಲಿ. ಈಗ ಉಳಿದಿರೋದು ಮೆಟ್ಟಿಲು, ಸ್ಮಶಾನ ಮತ್ತು ನಮ್ಮಂಥ ಚಾರಣಿಗರು.

ಆ ಮೆಟ್ಟಿಲ ಮೇಲೆ ಕೂತಾಗ ನನಗೆ ನೆನಪಾದದ್ದು ಕುದುರೆಮುಖ. ಅಲ್ಲೂ ಕಬ್ಬಿಣ, ಅಲ್ಲೂ ಪಾರ್ಕು. 1976ರಲ್ಲಿ ಗಣಿ ಕಂಪನಿ ಬಂತು, 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯ್ತು. ಭದ್ರೆಗೆ ಗಣಿಯ ಹೂಳು ಸೇರುತ್ತಿದೆ ಅಂತ ಹೋರಾಡಿದವರ ಮಾತನ್ನು ಕೊನೆಗೆ ಸುಪ್ರೀಂ ಕೋರ್ಟ್ ಒಪ್ಪಿತು, 2005ರ ಕೊನೆಗೆ ಗಣಿ ನಿಂತಿತು. ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಅದೇ ಉದ್ಯಾನದೊಳಗೆ ಗಣಿಗಿಂತ ಎಷ್ಟೋ ಮೊದಲಿನಿಂದ ಇದ್ದ ಮಲೆಕುಡಿಯರು, ಸಣ್ಣ ರೈತರು? ಪರಿಹಾರ ತಗೊಂಡು ಹೊರಟವರಿದ್ದಾರೆ, ಹೋಗೋದಿಲ್ಲ ಅಂತ ಕೂತವರೂ ಇದ್ದಾರೆ. ಇಂಜಿನಿಯರಿಂಗ್ ಓದುವಾಗ ನಾವು ಗೆಳೆಯರು ಮುಳ್ಳೋಡಿಯಿಂದ ಕುದುರೆಮುಖ ಹತ್ತಿದ್ದೆವು. ದಾರಿಯ ಮನೆಯೊಂದರಲ್ಲಿ ಕಾಫಿ ಕುಡಿದು, ಶೋಲಾ ಕಾಡಿನ ಫೋಟೋ ತೆಗೆದು, 'ಎಂಥಾ ನಿರ್ಜನ ಜಾಗ!' ಅಂತ ಉದ್ಗರಿಸಿದ್ದೆ. ಕಾಫಿ ಕೊಟ್ಟವರ ಎದುರಿಗೇ! ನೀವು ಇಲ್ಲೇ ಇರ್ತೀರಾ, ಇರೋಕೆ ಬಿಡ್ತಾರಾ ಅಂತ ಒಂದು ಮಾತು ಕೇಳಲಿಲ್ಲ.

ಜೈಲು ತಡೆಯೋದು, ಗಣಿ ನಿಲ್ಲಿಸೋದು ಬೇರೆ. ಒಲೆ ಉರಿಯುವ ಮನೆಯನ್ನು ಎಬ್ಬಿಸೋದು ಬೇರೆ. ಎರಡನ್ನೂ 'ಕಾಡಿನ ರಕ್ಷಣೆ' ಅನ್ನೋ ಒಂದೇ ಚೀಲಕ್ಕೆ ತುಂಬಿದರೆ ಡೂಡಲ್‌ಟೌನ್ ಆಗುತ್ತೆ. ಇಲ್ಲಿಯವರು ಕಡೇಪಕ್ಷ ಆ ಮನೆಯವರ ಹೆಸರು ಬರೆದು ನೆಟ್ಟಿದ್ದಾರೆ. ಕುದುರೆಮುಖದಲ್ಲಿ ಫಲಕ ನೆಡುವ ಕಾಲ ಬರೋದು ಬೇಡ, ಆ ಮನೆಗಳಲ್ಲಿ ಜನರೇ ಇರಲಿ.

ಮುಂದಿನ ಸಲ ಊರಿಗೆ ಹೋದಾಗ ಮತ್ತೆ ಮುಳ್ಳೋಡಿಗೆ ಹೋಗಬೇಕು. ಬೆಟ್ಟ ಹತ್ತದಿದ್ದರೂ ಸರಿ, ಕಾಫಿ ಕುಡಿದು ಆ ಪ್ರಶ್ನೆ ಕೇಳೋದಿದೆ.