ಜನರಲ್‌ಗೆ ಪದಕ, ಹೆರೆರೋಗಳಿಗೆ ಮರಳುಗಾಡು

ಸೈನ್ಯದ ಕಡತದಲ್ಲಿ ಲೋಥರ್ ಫಾನ್ ಟ್ರೋಥಾನ ಬದುಕು ಬಲು ಚೊಕ್ಕಟವಾಗಿದೆ. 1848ರಲ್ಲಿ ಜರ್ಮನಿಯ ಮಾಗ್ಡೆಬರ್ಗಿನಲ್ಲಿ ಹುಟ್ಟು. ಕುಲೀನರ ಮನೆತನ; ತಂದೆಯೂ ಪ್ರಷ್ಯಾದ ಸೈನ್ಯಾಧಿಕಾರಿ. 1865ರಲ್ಲಿ ಸೈನ್ಯಕ್ಕೆ ಸೇರ್ಪಡೆ. 1866ರಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧ, 1870-71ರಲ್ಲಿ ಫ್ರಾನ್ಸಿನ ಮೇಲೆ ಯುದ್ಧ, ಎದೆಗೊಂದು ಕಬ್ಬಿಣದ ಶಿಲುಬೆಯ ಪದಕ. 1894ರಲ್ಲಿ ಜರ್ಮನ್ ಪೂರ್ವ ಆಫ್ರಿಕಾದ ಪಡೆಯ ಮುಖ್ಯಸ್ಥ. 1900ರಲ್ಲಿ ಚೀನಾದ ಬಾಕ್ಸರ್ ಬಂಡಾಯ ತುಳಿಯಲು ಹೋದ ದಂಡಿನಲ್ಲಿ ಒಂದು ಬ್ರಿಗೇಡಿನ ನಾಯಕ. 1904ರಲ್ಲಿ ಜರ್ಮನ್ ನೈಋತ್ಯ ಆಫ್ರಿಕಾದ ಮಹಾದಂಡನಾಯಕ. 1905ರಲ್ಲಿ ಪ್ರಷ್ಯಾದ ಅತಿ ದೊಡ್ಡ ಸೈನಿಕ ಗೌರವವಾದ 'ಪೂರ್ ಲ ಮೆರಿತ್'. 1910ರಲ್ಲಿ ಪದಾತಿ ದಳದ ಜನರಲ್ ಎಂಬ ಪದವಿ. 1920ರಲ್ಲಿ ಬಾನ್ ನಗರದಲ್ಲಿ ಸಾವು.

ಒಂದು ಕಲೆಯೂ ಇಲ್ಲ. ಬಡ್ತಿಯ ಮೇಲೆ ಬಡ್ತಿ. ದೊಡ್ಡವರ ಚರಿತ್ರೆ ಅಂತ ನಮಗೆ ಓದಿಸೋದೆಲ್ಲ ಹೀಗೇ ಇರುತ್ತೆ: ಹುಟ್ಟಿದ ಊರು, ಗೆದ್ದ ಯುದ್ಧ, ಪಡೆದ ಬಿರುದು. ಯಾರನ್ನು ಗೆದ್ದ, ಗೆದ್ದ ಮೇಲೆ ಅವರೇನಾದರು ಎಂಬ ಪ್ರಶ್ನೆಗೆ ಆ ಕಡತದಲ್ಲಿ ಜಾಗವೇ ಇಲ್ಲ. ಆ ಜಾಗದಿಂದಲೇ ನಾವು ಈ ಮನುಷ್ಯನನ್ನು ಓದಬೇಕಾಗಿದೆ.

ಇವತ್ತು ನಮೀಬಿಯಾ ಅಂತ ಕರೆಯೋ ನಾಡನ್ನು ಜರ್ಮನಿ 1884ರಲ್ಲಿ ತನ್ನ 'ರಕ್ಷಣೆ'ಗೆ ತೆಗೆದುಕೊಂಡಿತು. ಕಾಗದದ ಮೇಲೆ ರಕ್ಷಣೆ, ನೆಲದ ಮೇಲೆ ಸುಲಿಗೆ. ಅಲ್ಲಿನ ಹೆರೆರೋಗಳು ದನಗಾಹಿ ಜನ. ದನವೇ ಅವರ ಆಸ್ತಿ, ದನವೇ ಅವರ ಮಾನ. 1897ರಲ್ಲಿ ದನಗಳ ದೊಡ್ಡರೋಗ ಬಂದು ದೊಡ್ಡಿಗಳು ಬರಿದಾದವು. ಆಗ ಬಿಳಿ ವ್ಯಾಪಾರಿಗಳು ಸಾಲ ಕೊಟ್ಟರು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಉಳಿದ ದನ, ದನ ಮುಗಿದ ಮೇಲೆ ನೆಲ. ಈ ಲೆಕ್ಕ ಯಾವ ಭಾಷೆಯಲ್ಲಿ ಬರೆದರೂ ಒಂದೇ. 1903ರಲ್ಲಿ ಸರ್ಕಾರ ಒಂದು ಕಾನೂನು ತಂದಿತು: ವರ್ಷದೊಳಗೆ ವಸೂಲಾಗದ ಸಾಲ ರದ್ದು. ಕೇಳೋದಕ್ಕೆ ಬಡವರ ಪರ. ಆದದ್ದು ತಿರುಗುಮುರುಗು. ಗಡುವು ಮುಗಿಯೋದರೊಳಗೆ ದೋಚಬೇಕೆಂದು ವ್ಯಾಪಾರಿಗಳು ದೊಡ್ಡಿಗಳಿಗೇ ನುಗ್ಗಿದರು.

1904ರ ಜನವರಿ 12ರಂದು ಒಕಹಾಂಡ್ಜಾದಲ್ಲಿ ಹೆರೆರೋಗಳು ತಿರುಗಿಬಿದ್ದರು. ನಾಯಕ ಸ್ಯಾಮ್ಯುಯೆಲ್ ಮಹಾರೆರೋ. ನೂರಕ್ಕೂ ಹೆಚ್ಚು ಜರ್ಮನರು ಸತ್ತರು. ಇದನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಹೆಂಗಸರನ್ನು, ಮಕ್ಕಳನ್ನು, ಪಾದ್ರಿಗಳನ್ನು ಮುಟ್ಟಕೂಡದು ಎಂಬುದು ಹೆರೆರೋ ಮುಖಂಡರ ಕಟ್ಟಳೆಯಾಗಿತ್ತು. 'ಕಾಡುಜನ' ಅನ್ನಿಸಿಕೊಂಡವರ ಕಟ್ಟಳೆ ಇದು. 'ನಾಗರಿಕ'ರ ಕಟ್ಟಳೆ ಏನೆಂದು ಮುಂದೆ ನೋಡೋಣ.

ಅಲ್ಲಿನ ಗವರ್ನರ್ ಲಾಯ್ಟ್‌ವೈನ್ ಮಾತುಕತೆಗೆ ಮನಸ್ಸು ಮಾಡಿದ್ದ. ಬರ್ಲಿನ್ನಿಗೆ ಅದು ರುಚಿಸಲಿಲ್ಲ. ಕೈಸರ್ ಎರಡನೇ ವಿಲ್ಹೆಲ್ಮ್ ಟ್ರೋಥಾನನ್ನು ಆರಿಸಿದ. ಯಾಕೆ ಇವನೇ? ಪೂರ್ವ ಆಫ್ರಿಕಾದಲ್ಲಿ, ಚೀನಾದಲ್ಲಿ ಇವನ ಕೈವಾಡ ಅವರು ನೋಡಿದ್ದರು. ಆಫ್ರಿಕಾದ ಜನ ಬಗ್ಗೋದು ಬಲಕ್ಕೆ ಮಾತ್ರ, ಆ ಬಲವನ್ನು ಕ್ರೌರ್ಯದಿಂದಲೇ ತೋರಿಸಬೇಕು ಎಂಬುದು ಇವನ ಸಿದ್ಧಾಂತ. ಇದನ್ನವನು ಲಾಯ್ಟ್‌ವೈನನಿಗೆ ಸಂಕೋಚವಿಲ್ಲದೆ ಬರೆದೂ ತಿಳಿಸಿದ. ಅಂದರೆ ಇವನು ತಲೆಕೆಟ್ಟ ಒಬ್ಬ ಅಧಿಕಾರಿಯಲ್ಲ. ಬೇಕು ಅಂತಲೇ ಹುಡುಕಿ ಕಳಿಸಿದ ಅಧಿಕಾರಿ.

ಜೂನ್ 11ರಂದು ಟ್ರೋಥಾ ಬಂದಿಳಿದ. ಹೆರೆರೋಗಳು ಹೆಂಡಿರು ಮಕ್ಕಳು ದನಕರುಗಳ ಸಮೇತ ವಾಟರ್‌ಬರ್ಗ್ ಬೆಟ್ಟದ ಬುಡದಲ್ಲಿ ಸೇರಿದ್ದರು. ಆಗಸ್ಟ್ 11ರಂದು 30 ಫಿರಂಗಿ, 12 ಮೆಷಿನ್‌ಗನ್‌ಗಳೊಂದಿಗೆ ಜರ್ಮನ್ ಪಡೆ ಸುತ್ತುವರಿಯಿತು. ಸುತ್ತಿನಲ್ಲಿ ಒಂದು ಕಡೆ ಬಲ ಕಡಿಮೆಯಿತ್ತು. ಅದು ಒಮಾಹೆಕೆ ಎಂಬ ಮರಳುಗಾಡಿನ ಕಡೆ. ಜನ ಅತ್ತ ನುಗ್ಗಿದರು. ಟ್ರೋಥಾನ ಪಡೆ ಬೆನ್ನು ಹತ್ತಿತು, ಒರತೆಯಿಂದ ಒರತೆಗೆ ಅಟ್ಟಿತು, ನೀರಿರುವ ಜಾಗಗಳಲ್ಲಿ ಕಾವಲು ಹಾಕಿತು. ಜನ ಕೈಯಲ್ಲೇ ಮರಳು ತೋಡಿದರು. ತೋಡಿದ ಗುಂಡಿಗಳ ಸುತ್ತಲೇ ಸತ್ತರು. ಜರ್ಮನ್ ಸೇನೆಯ ಅಧಿಕೃತ ಇತಿಹಾಸ ಇದನ್ನು ಬಚ್ಚಿಡಲಿಲ್ಲ. ತಮ್ಮ ಬಂದೂಕು ಶುರುಮಾಡಿದ ಕೆಲಸವನ್ನು ನೀರಿಲ್ಲದ ಒಮಾಹೆಕೆ ಮುಗಿಸಿತೆಂದು ಹೆಮ್ಮೆಯಿಂದಲೇ ಬರೆದುಕೊಂಡಿತು.

ಅಕ್ಟೋಬರ್ 2ರಂದು ಟ್ರೋಥಾ ಹೊರಡಿಸಿದ ಆಜ್ಞೆಯ ಸಾರ ಇದು: ಜರ್ಮನ್ ಗಡಿಯೊಳಗೆ ಸಿಕ್ಕ ಪ್ರತಿಯೊಬ್ಬ ಹೆರೆರೋನನ್ನೂ, ಕೈಯಲ್ಲಿ ಬಂದೂಕಿರಲಿ ಇಲ್ಲದಿರಲಿ, ಸುಡಲಾಗುವುದು. ಹೆಂಗಸರು ಮಕ್ಕಳನ್ನೂ ಇನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಓಡಿಸಲಾಗುವುದು, ಇಲ್ಲವೇ ಅವರ ಮೇಲೂ ಗುಂಡು. ಮಹಾರೆರೋನ ತಲೆಗೆ 5000 ಮಾರ್ಕ್. ಸೈನಿಕರಿಗೆ ಬೇರೆಯೇ ಒಂದು ಸೂಚನೆ ಇತ್ತು: ಹೆಂಗಸರು ಮಕ್ಕಳು ಬಂದರೆ ತಲೆಯ ಮೇಲೆ ಹಾದುಹೋಗುವಂತೆ ಗುಂಡು ಹಾರಿಸಿ, ಓಡಿಹೋಗುತ್ತಾರೆ, ಜರ್ಮನ್ ಸೈನಿಕನ ಒಳ್ಳೆಯ ಹೆಸರು ಉಳಿಯಬೇಕು. ಓಡಿಹೋಗೋದು ಎಲ್ಲಿಗೆ? ಆ ಮರಳುಗಾಡಿಗೆ. ಕೈಗೆ ರಕ್ತ ಹತ್ತದ ಹಾಗೆ ಕೊಲ್ಲೋ ಈ ಜಾಣತನ ನಮಗೆ ಹೊಸದಲ್ಲ.

ಬರ್ಲಿನ್ನಿನಲ್ಲಿ ದಂಡಿನ ಮುಖ್ಯಸ್ಥ ಶ್ಲೀಫೆನ್ ಟ್ರೋಥಾನ ಉದ್ದೇಶ ಸರಿ ಅಂದ, ಸಾಧಿಸೋದು ಕಷ್ಟ ಅಂದ ಅಷ್ಟೆ. ಚಾನ್ಸಲರ್ ಬ್ಯೂಲೋವ್ ಮಾತ್ರ ಬೇಡವೆಂದ. ಕ್ರೈಸ್ತ ಧರ್ಮದ ಮಾತೂ ಆಡಿದ, ಜರ್ಮನಿಯ ಮಾನದ ಮಾತೂ ಆಡಿದ. ಜೊತೆಗೆ ಇನ್ನೊಂದು ಮಾತಿತ್ತು, ಅದನ್ನು ಲಾಯ್ಟ್‌ವೈನನೂ ಮೊದಲೇ ಹೇಳಿದ್ದ: ಎಲ್ಲರನ್ನೂ ಕೊಂದರೆ ದನ ಕಾಯೋರು ಯಾರು, ಕೂಲಿ ಮಾಡೋರು ಯಾರು? ಡಿಸೆಂಬರಿನಲ್ಲಿ ಕೈಸರ್ ಆಜ್ಞೆಯನ್ನು ವಾಪಸು ತೆಗೆಸಿದ. ಇದು ಬರಿ ಕರುಣೆ ಅಂತ ನಾವು ಮೋಸ ಹೋಗಬಾರದು. ಬದುಕಿ ಉಳಿದವರನ್ನು ಸೆರೆಶಿಬಿರಗಳಿಗೆ ತುಂಬಿದರು. ರೈಲುದಾರಿ ಹಾಕಿಸಿದರು, ಬಂದರು ಕಟ್ಟಿಸಿದರು. ಸೈನ್ಯದ ಸ್ವಂತ ಲೆಕ್ಕದಲ್ಲೇ 1904ರ ಅಕ್ಟೋಬರಿನಿಂದ 1907ರ ಮಾರ್ಚಿನವರೆಗೆ ಸುಮಾರು 7,700 ಸೆರೆಯಾಳುಗಳು ಸತ್ತರು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ದಕ್ಷಿಣದಲ್ಲಿ ನಾಮಾ ಜನ ಇದೆಲ್ಲ ಕಂಡರು. ಅವರ ನಾಯಕ ಹೆಂಡ್ರಿಕ್ ವಿಟ್‌ಬೋಯ್ 1894ರ ಒಪ್ಪಂದದಂತೆ ಜರ್ಮನರ ಪರ ತನ್ನ ಆಳುಗಳನ್ನು ಕಳಿಸಿದ್ದ. ವಾಟರ್‌ಬರ್ಗಿನಲ್ಲಿ ಆದದ್ದನ್ನು ಆ ಆಳುಗಳು ಕಣ್ಣಾರೆ ನೋಡಿದ್ದರು. 1904ರ ಅಕ್ಟೋಬರಿನಲ್ಲಿ ವಿಟ್‌ಬೋಯ್ ತಿರುಗಿಬಿದ್ದ. ಮುಪ್ಪಿನ ವಯಸ್ಸು. 1905ರ ಅಕ್ಟೋಬರ್ 29ರಂದು ಗುಂಡು ತಗುಲಿ ಸತ್ತ. ಈ ಮುದುಕ ಬರಿ ಬಂದೂಕು ಹಿಡಿದವನಲ್ಲ, ಲೇಖನಿ ಹಿಡಿದವನು. ಅವನ ಪತ್ರಗಳು, ದಿನಚರಿಗಳು ಉಳಿದಿವೆ. 2005ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಅವರಿಗೆ ಅಕ್ಷರ ಇರಲಿಲ್ಲ, ಅದಕ್ಕೇ ಅವರ ಚರಿತ್ರೆ ಇಲ್ಲ ಅನ್ನೋರಿಗೆ ಇಷ್ಟು ಸಾಕು.

1905ರ ನವೆಂಬರಿನಲ್ಲಿ ಟ್ರೋಥಾ ಊರಿಗೆ ಹೊರಟ. ಕೊರಳಿಗೆ ಪದಕ ಆಗಲೇ ಬಂದಿತ್ತು. ಅವನು ಹೋದರೂ ಅವನು ಶುರುಮಾಡಿದ್ದು ನಿಲ್ಲಲಿಲ್ಲ. ಲ್ಯೂಡರಿಟ್ಸ್ ಬಂದರಿನ ಶಾರ್ಕ್ ದ್ವೀಪದ ಶಿಬಿರದಲ್ಲಿ ಚಳಿಗಾಳಿಗೆ, ಹಸಿವಿಗೆ, ರೋಗಕ್ಕೆ ನಾಮಾಗಳು, ಹೆರೆರೋಗಳು ಸತ್ತರು. ಸತ್ತವರ ತಲೆಬುರುಡೆಗಳು ಜನಾಂಗ 'ಸಂಶೋಧನೆ'ಗೆಂದು ಜರ್ಮನಿಗೆ ಹಡಗೇರಿದವು. ಆ ಬುರುಡೆಗಳಿಂದ ಮಾಂಸ ಕೆರೆಯೋ ಕೆಲಸವನ್ನು ಸೆರೆಯಲ್ಲಿದ್ದ ಹೆರೆರೋ ಹೆಂಗಸರಿಂದಲೇ ಮಾಡಿಸಿದರು, ಗಾಜಿನ ಚೂರು ಕೊಟ್ಟು. 1907ರಲ್ಲಿ ಬಂದ ಕಾನೂನುಗಳು ಉಳಿದವರ ಕೈಯಿಂದ ನೆಲ ಕಿತ್ತವು, ಗವರ್ನರನ ಅಪ್ಪಣೆ ಇಲ್ಲದೆ ದನ ಸಾಕೋ ಹಕ್ಕು ಕಿತ್ತವು, ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿದವು. ಯುದ್ಧಕ್ಕೆ ಮುಂಚೆ ಹೆರೆರೋಗಳು 60,000ದಿಂದ 80,000 ಇದ್ದರೆಂದು ಅಂದಾಜು. 1911ರ ಎಣಿಕೆಯಲ್ಲಿ ಸಿಕ್ಕವರು ಸುಮಾರು 15,000. ಸುಮಾರು 20,000 ನಾಮಾಗಳಲ್ಲಿ ಉಳಿದವರು 10,000ಕ್ಕೂ ಕಡಿಮೆ.

ಇದೆಲ್ಲ ಮುಚ್ಚಿಹೋದದ್ದು ಹೇಗೆ? ಮೊದಲ ಮಹಾಯುದ್ಧದಲ್ಲಿ ಆ ನಾಡು ಗೆದ್ದ ಬ್ರಿಟಿಷರ ಕಡೆಯವರು ಆಫ್ರಿಕನ್ನರ ಸಾಕ್ಷ್ಯ ಬರೆಸಿಕೊಂಡು 1918ರಲ್ಲಿ ಒಂದು ವರದಿ ಅಚ್ಚು ಮಾಡಿದರು. ಜರ್ಮನರಿಂದ ವಸಾಹತು ಕಿತ್ತುಕೊಳ್ಳೋದು ಅವರ ಉದ್ದೇಶ, ನಿಜ. ಆದರೂ ಸಾಕ್ಷಿ ನುಡಿದವರು ಕಂಡದ್ದನ್ನೇ ನುಡಿದಿದ್ದರು. 1926ರಲ್ಲಿ ಅಲ್ಲಿನ ಬಿಳಿಯರು ತಮ್ಮತಮ್ಮಲ್ಲಿ ರಾಜಿಯಾದರು. ವರದಿಯ ಪ್ರತಿಗಳನ್ನು ಹುಡುಕಿ ನಾಶ ಮಾಡಿದರು. ಮೇಲಿನವರ ಜಗಳದಲ್ಲಿ ನಮ್ಮ ಸಾಕ್ಷ್ಯ ಬೇಕಾಗುತ್ತೆ. ಅವರ ರಾಜಿಯಲ್ಲಿ ಅದೇ ಮೊದಲು ಸುಟ್ಟುಹೋಗುತ್ತೆ. ಇತ್ತ ಮ್ಯೂನಿಕ್ಕಿನ ಒಂದು ರಸ್ತೆ 2006ರವರೆಗೂ ಟ್ರೋಥಾನ ಹೆಸರು ಹೊತ್ತಿತ್ತು. ಈಗ ಅದರ ಹೆಸರು ಹೆರೆರೋ ರಸ್ತೆ.

2004ರಲ್ಲಿ ಜರ್ಮನಿಯ ಮಂತ್ರಿಯೊಬ್ಬರು ವಾಟರ್‌ಬರ್ಗಿನ ಬಳಿ ನಿಂತು ಕ್ಷಮೆ ಕೇಳಿದರು. 2007ರಲ್ಲಿ ಟ್ರೋಥಾ ಮನೆತನದವರೇ ಹೋಗಿ ತಲೆ ತಗ್ಗಿಸಿದರು. 2011ರಿಂದ ಬುರುಡೆಗಳು ಊರಿಗೆ ಮರಳತೊಡಗಿದವು. 2021ರ ಮೇ ತಿಂಗಳಲ್ಲಿ ಜರ್ಮನಿ ಇದನ್ನು ನರಮೇಧವೆಂದು ಕರೆಯಿತು. 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುತ್ತೇವೆಂದಿತು. 'ಪರಿಹಾರ' ಎಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ನಮ್ಮನ್ನು ಕೂರಿಸದ ಮೇಜಿನಲ್ಲಿ ಆದ ಒಪ್ಪಂದ ನಮ್ಮದಲ್ಲ ಅಂತ ಅನೇಕ ಹೆರೆರೋ, ನಾಮಾ ಮುಖಂಡರು ತಿರಸ್ಕರಿಸಿದರು. ಕ್ಷಮೆ ಕೇಳಿದರು, ಸರಿ. ನೆಲ?

ಟ್ರೋಥಾ ಬಾನ್ ನಗರದಲ್ಲಿ ಸತ್ತದ್ದು 1920ರಲ್ಲಿ. ಮರುವರ್ಷವೇ ಅದೇ ಊರಿನ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಒಬ್ಬ ಮಹಾರ್ ವಿದ್ಯಾರ್ಥಿಯ ಹೆಸರು ಸೇರಿತು: ಭೀಮರಾವ್ ಅಂಬೇಡ್ಕರ್. ಅಲ್ಲಿ ಅವರ ಓದು ಮುಂದುವರಿಯಲಿಲ್ಲ. ಊರಿಗೆ ಮರಳಿದ ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅಲ್ಲಿ ಒರತೆಯನ್ನು ಕಾಯ್ದದ್ದು ಬಂದೂಕು, ಇಲ್ಲಿ ಕೆರೆಯನ್ನು ಕಾಯ್ದದ್ದು ಶಾಸ್ತ್ರ. ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ. ನೀರಿಗೆ ಕಾವಲು ಹಾಕಿದವನ ಗುರುತು ಮಾತ್ರ ನಮಗೆ ಸಿಗುತ್ತೆ ಅಂತ ಹೇಳುತ್ತಿದ್ದೇವೆ.

ಬೇರೆ ನಾಡಿಗೆ ದಾಟಿ ಬದುಕಿದ್ದ ಮಹಾರೆರೋನ ದೇಹವನ್ನು 1923ರ ಆಗಸ್ಟಿನಲ್ಲಿ ಒಕಹಾಂಡ್ಜಾಕ್ಕೆ ತಂದು ಮಣ್ಣು ಮಾಡಿದರು. ಅಂದಿನಿಂದ ಹೆರೆರೋಗಳು ಪ್ರತಿ ಆಗಸ್ಟಿನಲ್ಲಿ ಅಲ್ಲಿ ಸೇರುತ್ತಾ ಬಂದಿದ್ದಾರೆ. ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಹಿಟ್ಲರನ ಪಾಠ ಬಂದಾಗ 1933ರಿಂದ ಶುರುಮಾಡಬೇಡಿ. ಒಮಾಹೆಕೆಯ ಒಣ ಗುಂಡಿಗಳಿಂದ ಶುರುಮಾಡಿ. ಆ ಮೇಲೆ ಮಕ್ಕಳಿಗೆ ಕೇಳಿ: ಆ ಜನರಲ್‌ಗೆ ಪದಕ ಕೊಟ್ಟದ್ದು ಯಾತಕ್ಕೆ?