ತಸ್ತೀಕು: ದಾನವೋ, ಋಣವೋ?

ಧಾರ್ಮಿಕ ಸಂಸ್ಥೆಗಳಿಗೆ ತೆರಿಗೆಯ ಹಣ ಸಲ್ಲಬೇಕೆ ಎಂಬ ಚರ್ಚೆಯಲ್ಲಿ ಗುಡಿಗಳಿಗೆ ಸರ್ಕಾರ ವರ್ಷವರ್ಷ ಕೊಡುವ ತಸ್ತೀಕೂ ಬಜೆಟ್ಟಿನಲ್ಲಿ ಹೊಸದಾಗಿ ಘೋಷಿಸುವ ಅನುದಾನವೂ ಒಂದೇ ತಕ್ಕಡಿಗೆ ಬೀಳುತ್ತವೆ. ಇವೆರಡರ ಹುಟ್ಟು ಬೇರೆ.

ಪದಗಳಿಂದಲೇ ಹೊರಡೋಣ. ಗುಡಿಗಳ ಆಡಳಿತ ನೋಡುವ ‘ಮುಜರಾಯಿ’ ಇಲಾಖೆಯ ಹೆಸರಿನ ಮೂಲದಲ್ಲಿರುವ ‘ಮುಜ್ರಾ’ ಕಂದಾಯದ ಲೆಕ್ಕದ ಮಾತು. ಬರಬೇಕಾದ ಮೊತ್ತದಲ್ಲಿ ವಜಾ ಹಾಕುವುದು. ‘ತಸ್ತೀಕು’ ಬಂದದ್ದು ‘ತಸ್ದೀಕ್’ನಿಂದ, ತಾಳೆ ನೋಡಿ ದೃಢಪಡಿಸಿದ್ದು ಎಂದರ್ಥ. ಎರಡೂ ಶಾನುಭೋಗರ ಕಡತದಿಂದ ಎದ್ದುಬಂದ ಪದಗಳು.

ಕಡತಕ್ಕಿಂತ ಹಿಂದೆ ಕಲ್ಲಿದೆ. ನಮ್ಮ ದತ್ತಿ ಶಾಸನಗಳು ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ನಂದಾದೀವಿಗೆಗೆ ಎಂದು ಉದ್ದೇಶವನ್ನು ಬಿಡಿಸಿ ಹೇಳುತ್ತವೆ. ಇಷ್ಟು ಮತ್ತರು ಗದ್ದೆ, ಇಷ್ಟು ಬೆದ್ದಲು, ಎಣ್ಣೆಗೆ ಇಂಥ ಗಾಣ ಎಂದು ಗೊತ್ತುಮಾಡಿ, ಮೂಡಲು, ತೆಂಕಲು, ಪಡುವಲು, ಬಡಗಲು ಎಲ್ಲೆ ಹೇಳಿ ಮುಗಿಸುತ್ತವೆ. ದೀಪದ ಎಣ್ಣೆಗೆ ಗುರುತಿಸಬಹುದಾದ ಒಂದು ಆಸ್ತಿ ಆಧಾರವಾಗಿತ್ತು.

ಹಳೆಯ ಮೈಸೂರಿನಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯ್ದೆ ಇಂಥ ಇನಾಂ (ದತ್ತಿ) ಭೂಮಿಯನ್ನು ಸರ್ಕಾರಕ್ಕೆ ಸೇರಿಸಿತು. 1974ರ ಭೂಸುಧಾರಣೆಯಲ್ಲಿ ದೇವಸ್ಥಾನದ ಗೇಣಿ ಜಮೀನು ಉಳುವವರ ಪಾಲಾಯಿತು. ಅದು ನ್ಯಾಯವೇ ಸರಿ; ಆ ರೈತನಿಂದ ದೇವರಿಗೆ ಏನೂ ಬಾಕಿಯಿಲ್ಲ. ಬಾಕಿಯಿದ್ದರೆ ಅದು ಸರ್ಕಾರದ್ದು, ತಸ್ತೀಕಿನ ರೂಪದಲ್ಲಿ ವರ್ಷಾವರ್ಷ ತೀರಿಸಬೇಕಾದದ್ದು.

ಇಲ್ಲೊಂದು ತೊಡಕಿದೆ. ಎಷ್ಟೋ ಇನಾಮುಗಳಲ್ಲಿ ಅರಸ ಬಿಟ್ಟುಕೊಟ್ಟದ್ದು ನೆಲವನ್ನಲ್ಲ, ನೆಲದ ಮೇಲಿನ ಕಂದಾಯವನ್ನು ಮಾತ್ರ. ‘ಮುಜ್ರಾ’ ಎಂಬ ಮಾತು ಸೂಚಿಸುವುದೂ ಅದನ್ನೇ. ಅಂಥ ಕಡೆ ಇಂದಿನ ತಸ್ತೀಕು ಕಳೆದ ಆಸ್ತಿಯ ಪರಿಹಾರವಾಗದೆ, ಹಳೆಯ ತೆರಿಗೆ ಮಾಫಿಯ ಮುಂದುವರಿಕೆಯಷ್ಟೇ ಆಗುತ್ತದೆ. ಎಲ್ಲ ತಸ್ತೀಕನ್ನೂ ಋಣವೆಂದು ಸಾಧಿಸಹೊರಟರೆ ದಾಖಲೆ ಒಪ್ಪುವುದಿಲ್ಲ.

ಇನ್ನು ಕಾನೂನಿನ ಮಾತು. ಯಾವುದೇ ಒಂದು ಧರ್ಮದ ಪೋಷಣೆಗೆಂದೇ ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 27ನೇ ವಿಧಿ. ಉಡುಪಿಯ ಶಿರೂರು ಮಠದ 1954ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣದ ಉದ್ದೇಶವನ್ನು ಕೇಳಿ, ಆಡಳಿತ ನೆಟ್ಟಗಾಗಿಸುವ ವೆಚ್ಚವನ್ನು ಧರ್ಮಪೋಷಣೆಯಿಂದ ಬೇರ್ಪಡಿಸಿತು. 2011ರಲ್ಲಿ ಹಜ್ ಸಬ್ಸಿಡಿಯ ಪ್ರಕರಣಕ್ಕೆ ಬರುವಾಗ ಪ್ರಶ್ನೆ ಹಣದ ಪ್ರಮಾಣಕ್ಕೆ ತಿರುಗಿತು: ತೆರಿಗೆಯ ಗಣನೀಯ ಪಾಲು ಒಂದು ಧರ್ಮಕ್ಕೆ ಹೋದರೆ ಮಾತ್ರ ಉಲ್ಲಂಘನೆ. ನನಗೆ ಉದ್ದೇಶವನ್ನು ಕೇಳುವ ಹಳೆಯ ಪ್ರಶ್ನೆಯೇ ಸರಿ ಎನಿಸುತ್ತದೆ. ಉದಾಹರಣೆಗೆ, ಕೇರಳ ಸರ್ಕಾರ ತಿರುವಾಂಕೂರು ದೇವಸ್ಥಾನಗಳ ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕೆಂದು 290ಎ ವಿಧಿಯೇ ಹೇಳುತ್ತದೆ. ಅಲ್ಲಿನ ದೇವಸ್ಥಾನಗಳ ಜಮೀನು ಹಿಂದೆ ಸರ್ಕಾರದ ಭೂಮಿಯಲ್ಲಿ ಲೀನವಾಗಿತ್ತೆಂಬ ಹಿನ್ನೆಲೆಯಿಂದಲೇ ಆ ಹಣಕ್ಕೆ ಅರ್ಥ ಬರುವುದು, ಮೊತ್ತ ಚಿಕ್ಕದೆಂದಲ್ಲ.

ಹೊಸ ಅನುದಾನಕ್ಕೆ ಇಂಥ ಹಿನ್ನೆಲೆಯಿಲ್ಲ. ಮಠಕ್ಕಾಗಲಿ, ಮಸೀದಿಗಾಗಲಿ, ಚರ್ಚಿಗಾಗಲಿ, ಅದು ಸೋಪು, ಬೆಂಕಿಪೆಟ್ಟಿಗೆ ಕೊಳ್ಳುವ ಪ್ರತಿಯೊಬ್ಬರ ತೆರಿಗೆಯಿಂದ ಬರುತ್ತದೆ. ಊರ ಗುಡಿಯ ಹೊಸ್ತಿಲು ದಾಟಲು ಇಂದಿಗೂ ಅಂಜುವ ದಲಿತ ಮನೆಯ ಪಾಲೂ ಅದರಲ್ಲಿದೆ. ಆಸ್ಪತ್ರೆ, ಹಾಸ್ಟೆಲು, ಸ್ಮಾರಕ ರಕ್ಷಣೆಗಾದರೆ ಆ ಹೆಸರಿನಲ್ಲೇ ಕೊಡಲಿ, ಪೂಜೆಗೆ ಬೇಡ.

ಇವೆರಡನ್ನೂ ಬಜೆಟ್ಟಿನಲ್ಲಿ ಬೇರ್ಪಡಿಸಿ ಋಣಕ್ಕೊಂದು, ಅನುದಾನಕ್ಕೊಂದು ಲೆಕ್ಕಶೀರ್ಷಿಕೆ ಕೊಡಬೇಕು. ಅದಕ್ಕೆ ಮೊದಲು ಇನಾಂ ರಿಜಿಸ್ಟರುಗಳನ್ನು ತೆರೆಯಬೇಕು. ಹೋದದ್ದು ನೆಲವೋ, ಕಂದಾಯವೋ ಎಂಬುದನ್ನು ಒಂದೊಂದು ಸರ್ವೆ ನಂಬರಿನ ಮುಂದೆ ಗುರುತು ಹಾಕುತ್ತ ಹೋಗಬೇಕು.